ಪೈಲ್ವಾನ್ ಸತ್ತ ಹೊತ್ತು

“ಮುಟ್ಬೇಡಿ ತಾತ,” ಎಂದಳು ಶಿವರಂಜನಿ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಗಾಜಿನ ನಳಿಗೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಅದರಲ್ಲಿ ತೊಟ್ಟಿಯ ಉಪ್ಪುನೀರು, ಎರಡು ಬೆರಳೆತ್ತರ. ಸಣ್ಣ ಬಾಟಲಿಯಿಂದ ಔಷಧಿಯ ಹನಿಗಳನ್ನು ಎಣಿಸಿ ಬಿಟ್ಟು ಅಲುಗಿಸಿದಳು. ತಿಳಿಯಾಗಿದ್ದ ನೀರು ಬಣ್ಣ ತಿರುಗಿತು.

ಬಣ್ಣದ ಚೌಕಗಳಿದ್ದ ಒಂದು ಕಾರ್ಡನ್ನು ಪಕ್ಕಕ್ಕೆ ಹಿಡಿದು ನೋಡಿದಳು. ಕೊನೆಯ ಚೌಕಕ್ಕೆ ಹೊಂದಿತು. ಅದಕ್ಕಿಂತ ಗಾಢವಾದದ್ದು ಕಾರ್ಡಿನಲ್ಲೇ ಇರಲಿಲ್ಲ.

“ತಾಮ್ರ,” ಎಂದಳು.

“ಹಂಗಂದ್ರೆ?”

“ಹಂಗಂದ್ರೆ ಗಂಗಹನುಮಯ್ಯ ತಂದ ಏಡಿಯಿಂದ ಇದು ಬಂದಿಲ್ಲ.”

ಗೋಡೆಯ ಗಡಿಯಾರ ಒಂದೂ ಹತ್ತು ತೋರಿಸುತ್ತಿತ್ತು. ನಾಲ್ಕು ಗಂಟೆಗೆ ಗಂಗಹನುಮಯ್ಯನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ನಿನ್ನೆ ಬುಧವಾರ ಈ ಮನೆಯ ದೇವರಕೋಣೆಯಿಂದ ಸ್ಫಟಿಕಲಿಂಗ ಕಾಣೆಯಾಗಿತ್ತು. ಅದೇ ಬೆಳಿಗ್ಗೆ ಹಜಾರದಲ್ಲಿದ್ದ ಸಮುದ್ರಮೀನಿನ ಗಾಜಿನ ತೊಟ್ಟಿಯಲ್ಲಿ ಅರ್ಧಕ್ಕರ್ಧ ಜೀವಗಳು ಸತ್ತಿದ್ದವು. ಪೊಲೀಸರ ಲೆಕ್ಕ ಸರಳ. ಮನೆ ಒಂದು, ಅನಾಹುತ ಎರಡು, ಹಿಂದಿನ ಸಂಜೆ ಹಿತ್ತಲ ಬಾಗಿಲಿಂದ ಬಂದುಹೋದ ಹೊರಗಿನವನು ಒಬ್ಬ. ನಾನೂ ಮೂವತ್ತಾರು ವರ್ಷ ಅದೇ ಇಲಾಖೆಯಲ್ಲಿದ್ದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾಗುವವರೆಗೆ ಅದೇ ಲೆಕ್ಕ ಹಾಕಿದವನು. ಆದ್ದರಿಂದ ಅದು ಎಷ್ಟು ಸಲ ತಪ್ಪುತ್ತದೆ ಎಂಬುದು ನನಗೆ ಗೊತ್ತು.

ಶಿರಾದಲ್ಲಿ ಸಮುದ್ರ ಸಾಕುವುದೆಂದರೆ ಹುಚ್ಚು ಎಂದು ನೆರೆಮನೆಯವನಾದ ನಾನು ಮೊದಲ ದಿನವೇ ಹೇಳಿದ್ದೆ. ಕುಡಿಯುವ ನೀರಿಗೆ ಕ್ಯಾನು ಹಿಡಿದು ನಿಲ್ಲುವ ಊರು ಇದು. ಶೋಧಿಸಿದ ನೀರಿಗೆ ಅಳತೆಯಿಟ್ಟು ಉಪ್ಪು ಬೆರೆಸಿ, ಅದರಲ್ಲಿ ಮೀನು ಬಿಟ್ಟು, ಶಿವರಂಜನಿ ಮೂರು ವರ್ಷದಿಂದ ಆ ತೊಟ್ಟಿಯನ್ನು ಕಾಪಾಡಿದ್ದಳು. ಅದರ ರಾಜ ಪೈಲ್ವಾನ್. ಗೇಣುದ್ದದ ಬಣ್ಣಬಣ್ಣದ ಸೀಗಡಿ. ಮುಂಗಾಲು ಎರಡು ಸುತ್ತಿಗೆ ಇದ್ದಂತೆ. ಒಂದೇ ಏಟಿಗೆ ಏಡಿಯ ಚಿಪ್ಪು ಒಡೆಯುತ್ತಿತ್ತು. ಸತ್ತ ತಿಂಡಿ ಹಾಕಿದರೆ ಮುಖ ತಿರುಗಿಸುತ್ತಿತ್ತು. ಅದಕ್ಕೇ ಕಳ್ಳಂಬೆಳ್ಳದ ಕೆರೆಯಿಂದ ವಾರಕ್ಕೊಮ್ಮೆ ಗಂಗಹನುಮಯ್ಯ ಜೀವಂತ ಏಡಿ, ಬಸವನಹುಳು ತರುತ್ತಿದ್ದ.

ಮೊಟ್ಟೆಯೂ ಹೊಸ್ತಿಲು ದಾಟದ ಮನೆ ಅದು. ಹಾಗಾಗಿ ಏಡಿಗೆ ಹಿತ್ತಲ ಬಾಗಿಲು. ಏಡಿ ತರುವವನಿಗೂ ಅದೇ ಬಾಗಿಲು.

“ಏಡಿ ಮೈಯಲ್ಲೇ ವಿಷ ಇತ್ತು ಅಂತ ಎಸ್ಸೈ ಬರೆದವ್ರೆ,” ಎಂದೆ.

“ಬರೀಲಿ. ತಾಮ್ರ ಮೀನಿಗೆ ಅಷ್ಟಾಗಿ ಏನೂ ಮಾಡಲ್ಲ. ಮೂಳೆ ಇಲ್ದೇ ಇರೋ ಪ್ರಾಣಿಗೆ ಅದು ಯಮ. ನೋಡಿ, ಮೀನು ನಾಲ್ಕೂ ಓಡಾಡ್ತವೆ. ಸೀಗಡಿ, ಶಂಖದ ಹುಳ, ಹೂವಿನ ಥರ ಇತ್ತಲ್ಲ ಅದು, ಎಲ್ಲಾ ಹೋಯ್ತು. ಏಡಿನೂ ಸೀಗಡಿ ಕುಲಾನೇ ತಾತ. ಇಡೀ ತೊಟ್ಟಿ ಕೆಡೋವಷ್ಟು ತಾಮ್ರ ಅದರ ಮೈಯಲ್ಲಿ ಇದ್ದಿದ್ರೆ ದಾರೀಲೇ ಸಾಯ್ತಿತ್ತು.”

“ಕೆರೆ ರೋಗ ಗೀಗ?”

“ಸಿಹಿನೀರಿನ ರೋಗದ ಹುಳ ಉಪ್ಪುನೀರಲ್ಲಿ ಹೆಚ್ಚು ಹೊತ್ತು ಬದುಕಲ್ಲ. ಅದಕ್ಕೇ ನಾನು ಸಮುದ್ರದ ಏಡಿ ತರ್ಸದೆ ಕೆರೆ ಏಡಿ ಹಾಕೋದು. ನನಗೆ ಭಯ ಇದ್ದಿದ್ದು ಹೊಲದ ಔಷಧಿದು ಒಂದೇ. ಅದಕ್ಕೂ ನಾವು ದಾರಿ ಮಾಡ್ಕೊಂಡಿದ್ವಿ.”

ಆ ದಾರಿಯನ್ನು ಬೆಳಿಗ್ಗೆ ಏಳಕ್ಕೇ ನೋಡಿ ಬಂದಿದ್ದೆ.

ಕಳ್ಳಂಬೆಳ್ಳದಲ್ಲಿ ಗಂಗಹನುಮಯ್ಯನ ಮನೆಯ ಹಿಂದೆ ಸಿಮೆಂಟಿನ ಒಂದು ಬಾನಿ. ಅದರ ಪಕ್ಕ ಅವನ ಹೆಂಡತಿ ರಾಜಲಕ್ಷ್ಮಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ರಾತ್ರಿಯೆಲ್ಲ ಅತ್ತ ಕಣ್ಣು. ಬಾಯಿ ಮಾತ್ರ ಬಗ್ಗಿರಲಿಲ್ಲ.

“ನೋಡ್ಕಳಿ ಸಾಮಿ. ಮಂಗ್ಳಾರ ಒಯ್ದ್ನಲ್ಲ, ಅದೇ ಗುಂಪಿನವು ಇವು. ಎಲ್ಡು ಹಿಂದಕ್ಕೆ ಮಡಗವ್ನೆ.”

“ಯಾಕಮ್ಮ?”

“ಆ ಸಿವರಂಜಿನವ್ವ ಯೋಳ್ಕೊಟ್ಟೈತೆ. ಕೆರೆ ಅಂಚಿಗೆ ಹೊಲದ ಔಸ್ದಿ ನೀರು ಬತ್ತೈತಲ್ಲ. ಹಿಡ್ದ ದಿನವೇ ಕೊಡಂಗಿಲ್ಲ. ಮೂರು ದಿನ ಬೋರ್ ನೀರಾಗೆ ಮಡಗಿ ನೋಡ್ಬೇಕು. ಒಂದು ಸತ್ರೂ ಗುಂಪಿಗ್ ಗುಂಪೇ ಗುಂಡಿಗೆ. ಒಯ್ದ ಮ್ಯಾಲೂ ಎಲ್ಡು ಇಲ್ಲೇ ಇರ್ಬೇಕು, ನಾಳೆ ಯಾರಾನ ಕೇಳುದ್ರೆ ತೋರ್ಸಾಕೆ.” ಅವಳು ಮೂಗು ಸೀಟಿದಳು. “ನಂಗೆ ಜರ ಬಂದ್ರೆ ‘ಮೂರು ದಿನ ನೋಡಾನ ಬುಡು’ ಅಂತವ್ನೆ. ಏಡಿನ ಮಾತ್ರ ಗಳಿಗೆಗೊಂದ್ ಕಿತ ನೋಡ್ತವ್ನೆ. ಅಂತಾ ಗಂಡು ಇಸ ಆಕ್ತಾನಾ?”

ಬಾನಿಯೊಳಗೆ ಎರಡೂ ಏಡಿ ಜೀವಂತ. ಒಂದು ನನ್ನತ್ತ ಕೊಂಡಿ ಎತ್ತಿ ಬೆದರಿಸಿತು.

“ಇವತ್ತು ಕೋರ್ಟಿಗೆ ಒಯ್ದ್ರೆ ಜೈಲೇ ಅಲ್ವಾ ಸಾಮಿ?” ಎಂದಳು ಕೊನೆಗೆ.

“ನಾಲ್ಕು ಗಂಟೆವರ್ಗೂ ಟೈಮೈತೆ,” ಎಂದು ಬಂದಿದ್ದೆ. ಅದಕ್ಕಿಂತ ಒಳ್ಳೆಯ ಮಾತು ನನ್ನ ಹತ್ತಿರ ಇರಲಿಲ್ಲ.

ಈಗ ಶಿವರಂಜನಿ ಮೊಬೈಲು ತೆಗೆದು ಒಂದು ವಿಡಿಯೋ ತೋರಿಸಿದಳು. ಪೈಲ್ವಾನ್ ತನ್ನ ಬಿಲದಿಂದ ಹೊರಬಂದು ತಿಂದು ಮುಗಿಸಿದ ಏಡಿಯ ಚಿಪ್ಪನ್ನು, ಮನೆ ಗುಡಿಸಿದ ಹೆಂಗಸಿನಂತೆ, ದೂರಕ್ಕೆ ತಳ್ಳುತ್ತಿತ್ತು. ಕೊನೆಯಲ್ಲಿ ಶಿವರಂಜನಿಯ ಇಕ್ಕಳ ಬಂದು ಚಿಪ್ಪನ್ನು ಎತ್ತಿಕೊಂಡಿತು. ಎಂಜಲು ಕೊಳೆತರೆ ನೀರು ಕೆಡುತ್ತದಂತೆ.

“ಬುಧವಾರ ಬೆಳಿಗ್ಗೆ ಏಳೂ ಹತ್ತು. ಹತ್ತು ಗಂಟೆಗೆ ನೋಡ್ತೀನಿ, ಮಗ್ಗುಲಾಗಿ ಬಿದ್ದೈತೆ.”

ಮಂಗಳವಾರ ಸಂಜೆ ಆರಕ್ಕೆ ಏಡಿ ಹಾಕಿದ ಮೇಲೆ ಹದಿಮೂರು ಗಂಟೆ ಚೆನ್ನಾಗಿತ್ತು. ಆಮೇಲೆ ಮೂರು ಗಂಟೆಯಲ್ಲಿ ಸತ್ತಿತು. ಆ ಮೂರು ಗಂಟೆಯಲ್ಲಿ ಯಾರೋ ಈ ನೀರಿಗೆ ತಾಮ್ರ ಸೇರಿಸಿದ್ದಾರೆ. ಆಗ ಗಂಗಹನುಮಯ್ಯ ಕಳ್ಳಂಬೆಳ್ಳದ ಹೋಟೆಲಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದನೆಂದು ನಾಲ್ಕು ಜನ ಹೇಳುತ್ತಾರೆ.

“ನಿನ್ನ ಗಂಡ ಗೌರೀಶ ದಾಳಿಂಬೆಗೆ ಮೈಲುತುತ್ತ ಹೊಡೀತಾನೆ. ಅದು ತಾಮ್ರವೇ ಅಲ್ವೇನಮ್ಮ?”

ಅವಳ ಮುಖ ಬಿಗಿಯಿತು. “ಅವರು ಸೋಮವಾರದಿಂದ ಪಾವಗಡದ ತೋಟದಲ್ಲವ್ರೆ. ಚೀಲನೂ ಅಲ್ಲೇ ಇರೋದು. ಬೇಕಾದ್ರೆ ಫೋನ್ ಮಾಡಿ.”

ಮಾಡಿದೆ. ಅನುಮಾನ ಎಂದ ಮೇಲೆ ಸಂಕೋಚ ಇಟ್ಟುಕೊಳ್ಳಬಾರದು. ಗೌರೀಶನ ಹಿಂದೆ ಯಾರೋ ತೆಲುಗಿನಲ್ಲಿ ಡ್ರಮ್ಮಿಗೆ ನೀರು ತುಂಬಿಸಲು ಕೂಗುತ್ತಿದ್ದರು. ಮೂರು ದಿನದಿಂದ ಜೊತೆಗೇ ಇದ್ದಾರೆ ಎಂದು ಆ ಕೂಗುವವನೇ ಫೋನು ಕಸಿದುಕೊಂಡು ಹೇಳಿದ. ಅಲ್ಲಿಗೆ ಅದೊಂದು ದಾರಿ ಮುಚ್ಚಿತು.

“ನಿನ್ನೆ ಏಳರಿಂದ ಹತ್ತರವರೆಗೆ ಮನೇಲಿ ಯಾರ್ಯಾರಿದ್ರು?”

“ಮಾವ ಎಂಟಕ್ಕೇ ಅಂಗಡಿಗೆ ಹೋದ್ರು. ನಾನು ಬಟ್ಟೆ ಒಗೀತಿದ್ದೆ, ಮಹಡಿ ಮೇಲೆ. ಅತ್ತೆ…” ಅವಳು ನಿಲ್ಲಿಸಿದಳು. “ಅತ್ತೆ ಒಂಬತ್ತರವರ್ಗೂ ದೇವರಕೋಣೇಲಿದ್ರು.”

“ಒಂಬತ್ತರವರ್ಗೂ?”

“ಯಾವಾಗ್ಲೂ ಹಂಗೇ. ಗಂಟೆಗಟ್ಟಲೆ ಪೂಜೆ.”

ಅವಳ ಅತ್ತೆ ಸರ್ವಮಂಗಳಮ್ಮ ಪೊಲೀಸರಿಗೆ ಕೊಟ್ಟ ಹೇಳಿಕೆಯ ನಕಲು, ಎಸ್ಸೈ ಕೊಟ್ಟದ್ದು, ನನ್ನ ಜೇಬಿನಲ್ಲೇ ಇತ್ತು. ‘ಬೆಳಿಗ್ಗೆ ಆರೂವರೆಗೆ ಹೋದಾಗ ಲಿಂಗ ಇರಲಿಲ್ಲ.’ ಲಿಂಗವೇ ಇಲ್ಲದ ಕೋಣೆಯಲ್ಲಿ ಒಂಬತ್ತರವರೆಗೆ ಯಾರಿಗೆ ಪೂಜೆ?

ನಾನು ಹಿತ್ತಲಿಗೆ ಹೋದೆ. ಪೂಜೆಯ ಪಾತ್ರೆ ತೊಳೆದಿಡುವುದು ಅಲ್ಲೇ.

ಹಿತ್ತಲಿಗೆ ಹೊಸದಾಗಿ ಸಿಮೆಂಟು ಬಿಲ್ಲೆ ಹಾಸಿದ್ದರು. ಮೂಲೆಯ ಬಿಲ್ವದ ಮರದ ಬುಡವನ್ನೂ ಬಿಟ್ಟಿರಲಿಲ್ಲ, ಕಾಂಡಕ್ಕೆ ತಾಗುವಂತೆ ಕೂರಿಸಿ ಪಾತಿಯನ್ನು ಮುಚ್ಚಿದ್ದರು. ಕಟ್ಟೆಯ ಮೇಲೆ ತಾಮ್ರದ ದೊಡ್ಡ ಬಟ್ಟಲೊಂದನ್ನು ಬೋರಲು ಹಾಕಿತ್ತು. ಹೊರಗೆ ಕೆಂಡದಂತೆ ಹೊಳೆಯುತ್ತಿತ್ತು. ತಿರುಗಿಸಿ ನೋಡಿದೆ. ಒಳಗಡೆ, ನೀರು ನಿಂತಿದ್ದ ಮಟ್ಟಕ್ಕೆ, ದಾರದಷ್ಟು ಸಣ್ಣ ಹಸಿರು ಗೆರೆ. ಪಕ್ಕದ ಕಸದ ಬುಟ್ಟಿಯಲ್ಲಿ ಒಣಗಿದ ನಿಂಬೆಹೋಳುಗಳು, ಒಂದೆರಡಲ್ಲ, ಇಪ್ಪತ್ತರ ಮೇಲಿದ್ದವು.

ಬಟ್ಟಲು ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

ಸರ್ವಮಂಗಳಮ್ಮ ನೆಲದ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದರು. ಅರವತ್ತೈದರ ಹೆಂಗಸು, ಹಣೆ ತುಂಬ ವಿಭೂತಿ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು. ಬಟ್ಟಲು ನೋಡಿ ಕೈ ನಿಧಾನವಾಯಿತು.

“ಕೂತ್ಕಳಿ ಜಯರಾಮಯ್ಯನೋರೆ. ಕಾಫಿ ಇಡ್ಲಾ?”

“ಕಾಫಿ ಆಮೇಲೆ ಕಣಮ್ಮ. ಬಟ್ಟಲು ಥಳಥಳ ಅಂತೈತಲ್ಲ.”

“ಅಮಾಸೆ ಬಂತು. ಬೆಳಗಿದೀನಿ.”

“ಲಿಂಗವೇ ಇಲ್ಲ. ಬಟ್ಟಲು ಯಾರಿಗೆ?”

ಕಡಲೆಕಾಯಿ ಒಡೆಯುವ ಸದ್ದು ನಿಂತಿತು.

“ನಿಂಬೆಹಣ್ಣು ಹತ್ತರ ಮೇಲೆ ಹಿಂಡಿದೀರಿ.”

“ಅದು ನಮ್ಮ ಮನೆ ಪದ್ಧತಿ. ಅಮಾಸೆಗೆ ಮುಂಚೆ ಒಂದು ರಾತ್ರಿ ಲಿಂಗನ ನಿಂಬೆ ನೀರಲ್ಲಿ ನೆನೆಸ್ತೀವಿ. ದೀಪದ ಜಿಡ್ಡು ಬಿಡ್ಲಿ ಅಂತ.”

“ಈ ತಾಮ್ರದ ಬಟ್ಟಲಲ್ಲೇ?”

“ಸ್ಟೀಲಲ್ಲಿ ಯಾರಾದ್ರೂ ದೇವ್ರಿಗೆ ಇಡ್ತಾರಾ? ತಾಮ್ರ ಶುದ್ಧ.”

“ನೆನೆಸಿದ ನೀರು ಎಲ್ಲಿಗೆ ಹಾಕ್ತೀರಿ?”

“ಬಿಲ್ವದ ಬುಡಕ್ಕೆ.”

“ಬುಡ ಮುಚ್ಚಿ ಎಷ್ಟು ದಿನ ಆಯ್ತು?”

ಅವರು ಮತ್ತೊಂದು ಕಾಯಿ ಕೈಗೆತ್ತಿಕೊಂಡರು. ನಾನು ಕುಕ್ಕರುಗಾಲಲ್ಲಿ ಕುಳಿತೆ. ಮೊಣಕಾಲು ಕಟಕಟ ಎಂದಿತು.

“ಬಚ್ಚಲಿಗೆ ಹಾಕಿದ್ರಾ?”

“ಶಿವ ಶಿವ. ಅಭಿಷೇಕದ ನೀರು ಬಚ್ಚಲಿಗೆ ಹಾಕೋ ಮಂದಿಯಾ ನಾವು?”

“ಅಂಗಳಕ್ಕೆ?”

“ತುಳಿಯೋ ಜಾಗಕ್ಕೆ ಹಾಕ್ತಾರಾ?”

“ಹೂವಿನ ಕುಂಡಕ್ಕೆ?”

“ಹುಳಿ ನೀರಿಗೆ ಗಿಡ ಸುಟ್ಟೋಗ್ತೈತೆ.” ಅವರು ತಲೆ ತಗ್ಗಿಸಿದರು. “ಎಲ್ಲಾ ತೀರ್ಥನೂ ಕೊನೆಗೆ ಸಮುದ್ರಕ್ಕೆ ತಾನೇ ಸೇರೋದು. ಸಮುದ್ರ ನಮ್ಮ ಹಜಾರದಾಗೇ ಐತಲ್ಲ ಅಂದ್ಕಂಡೆ. ಆ ಬಾಯಿಲ್ಲದ ಜೀವಗಳಿಗೂ ಒಂದಿಷ್ಟು ಪುಣ್ಯ ಬರ್ಲಿ ಅಂತ, ಮುಚ್ಚಳ ತೆಗ್ದು ಸುರಿದ್ಬುಟ್ಟೆ.”

ರಾತ್ರಿಯೆಲ್ಲ ಹುಳಿ ನೀರಿಗೆ ಕರಗಿ ಇಳಿದ ತಾಮ್ರ. ಪೈಲ್ವಾನ್‌ಗೆ ಬಂದ ಪುಣ್ಯ ಅದು.

ಬಾಗಿಲಲ್ಲಿ ಶಿವರಂಜನಿ ನಿಂತಿದ್ದಳು. ಯಾವಾಗ ಬಂದಳೋ.

“ಅತ್ತೆ,” ಎಂದಳು.

“ನಾನೇ ಕಣಮ್ಮ ನಿನ್ನ ಪೈಲ್ವಾನ್‌ನ ಕೊಂದೋಳು. ಗೊತ್ತಿರ್ಲಿಲ್ಲ.”

ಸಮಾಧಾನ ಮಾಡುವ ಕೆಲಸ ನನ್ನದಲ್ಲ. ಗಡಿಯಾರ ಒಂದೂ ಐವತ್ತು.

“ಸುರಿದಿದ್ದು ಎಷ್ಟು ಹೊತ್ತಿಗೆ?”

“ಎಂಟೂವರೆ ಇರ್ಬೋದು.”

“ಅಂದ್ರೆ ಬುಧವಾರ ಎಂಟೂವರೆಗೆ ಲಿಂಗ ನಿಮ್ಮ ಕೈಯಲ್ಲೇ ಇತ್ತು. ಗಂಗಹನುಮಯ್ಯ ಮಂಗಳವಾರ ಸಂಜೆ ಆರಕ್ಕೇ ಹೋಗ್ಬುಟ್ಟಿದ್ದ. ಪೊಲೀಸರಿಗೆ ಸುಳ್ಳು ಬರೆಸಿದೀರಿ ತಾಯಿ. ಬನ್ನಿ, ಠಾಣೆಗೆ ಹೋಗಿ ನಿಜ ಹೇಳಿ. ಅವನನ್ನ ಬಿಡ್ತಾರೆ.”

“ಲಿಂಗ ಇತ್ತು.” ಅವರು ನನ್ನ ಕಣ್ಣನ್ನೇ ನೋಡಿದರು. “ಅದು ನಮ್ಮದಲ್ಲ.”

“ಏನಂದ್ರಿ?”

“ಜಿಡ್ಡು ಬಿಟ್ಟ ಮೇಲೆ ಒರೆಸ್ತಾ ಬೆಳಕಿಗೆ ಹಿಡಿದೆ. ಒಳಗೆ ಸಾಸಿವೆ ಕಾಳಿನಂಗೆ ಎರಡು ಗುಳ್ಳೆ. ಸ್ಫಟಿಕದಲ್ಲಿ ದುಂಡು ಗುಳ್ಳೆ ಇರಲ್ಲ. ನಮ್ಮ ಲಿಂಗ ಬೇಸಿಗೇಲೂ ಕೈಗೆ ತಣ್ಣಗೆ ಹತ್ತೋದು. ಇದು ಹತ್ತಲಿಲ್ಲ. ಗಾಜು ಜಯರಾಮಯ್ಯನೋರೆ. ಗಾಜಿಗೆ ನೀರು ಎರೆದಿದ್ದೆ ನಾನು.”

ಆ ಲಿಂಗ ಅವರ ಸ್ವಂತದ್ದಲ್ಲ ಎಂಬುದು ಇಲ್ಲಿ ಮುಖ್ಯ. ಗೌಡಗೆರೆ ಕಡೆಯ ಹನ್ನೆರಡು ಮನೆಯವರ ಕುಲದ ಲಿಂಗ ಅದು. ನಲವತ್ತು ವರ್ಷದಿಂದ ಸರ್ವಮಂಗಳಮ್ಮನ ಗಂಡ ನಂದೀಶ್ವರಯ್ಯನವರ ವಶದಲ್ಲಿ ಪೂಜೆಗಿದೆ. ಅಮಾವಾಸ್ಯೆಗೆ ಹನ್ನೆರಡು ಮನೆಯವರೂ ಬಂದು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ.

“ಅವರ ಮುಂದೆ ಗಾಜು ಇಟ್ರೆ, ವಶದಲ್ಲಿ ಇಟ್ಕೊಂಡೋರೇ ಕಳ್ಳರು ಅಂತಾರೆ. ಕಳುವಾಯ್ತು ಅಂದ್ರೆ ಯಾರೋ ಕಳ್ಳ ಅಂತಾರೆ. ಅದಕ್ಕೇ ಬಚ್ಚಿಟ್ಟೆ. ಗಂಗಹನುಮಯ್ಯನ ಹೆಸರು ನಾನು ಎತ್ಲಿಲ್ಲ. ಯಾರೋ ಅಂದೆ ಅಷ್ಟೆ.”

“ಠಾಣೆಗೆ ಹೋದ್ಮೇಲೆ ಆ ಯಾರೋಗೆ ಒಂದು ಹೆಸರು ಬೇಕು ಕಣಮ್ಮ. ಬಡವನ ಹೆಸರು ಬೇಗ ಸಿಕ್ತದೆ.”

ನಾನು ಬಿಡಲಿಲ್ಲ.

“ಈಚೆಗೆ ಲಿಂಗನ ಮನೆಯಿಂದ ಹೊರಗೆ ಒಯ್ದಿದ್ದು ಯಾರು?”

ಹೇಳಲೋ ಬೇಡವೋ ಎಂದು ಕಡಲೆಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡಿದರು.

“ಹೋದ ತಿಂಗಳು ಕೊರಟಗೆರೆ ಅಕ್ಕಸಾಲಿ ಹತ್ರಕ್ಕೆ. ಬೆಳ್ಳಿ ಪೀಠ ಅಲ್ಲಾಡ್ತಿತ್ತು.”

“ಒಯ್ದೋರು?”

“ನಮ್ಮೆಜಮಾನ್ರು.”

ಶಿವರಂಜನಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಒಂದು ಕಡೆ ನಿಮ್ಮ ಗಂಡ, ಇನ್ನೊಂದು ಕಡೆ ಏನೂ ಮಾಡದ ಮನುಷ್ಯ,” ಎಂದೆ. “ಯಾರನ್ನ ಉಳಿಸ್ಬೇಕು ಅಂತ ನಾನು ಹೇಳಲ್ಲ. ಆ ಗಾಜು ಎಲ್ಲೈತೆ? ಅದನ್ನ ಎಸ್ಸೈ ಮುಂದೆ ಇಟ್ರೆ ಸಾಕು, ಗಂಗಹನುಮಯ್ಯ ಸಂಜೆಗೆ ಮನೇಲಿರ್ತಾನೆ.”

ಅವರು ಮಡಿಲ ಸಿಪ್ಪೆ ಕೊಡವಿದರು. ನಂತರ ಎದ್ದರು. ಮೂಲೆಯ ರಾಗಿಹಿಟ್ಟಿನ ಡಬ್ಬವನ್ನು ಎಳೆದು ಮೊಣಕೈವರೆಗೆ ಕೈ ಇಳಿಸಿದರು. ಈ ಕಡೆ ತಡಕಾಡಿದರು. ಆ ಕಡೆ ತಡಕಾಡಿದರು. ಮುಖದ ಬಣ್ಣ ಇಳಿಯುವುದನ್ನು ನಾನು ಕಂಡೆ.

ಡಬ್ಬವನ್ನೇ ನೆಲಕ್ಕೆ ಬಗ್ಗಿಸಿದರು. ಹಿಟ್ಟು ಗುಡ್ಡೆಯಾಗಿ ಬಿತ್ತು. ಶಿವರಂಜನಿಯೂ ಕುಳಿತು ಕೆದಕಿದಳು.

ಹಿಟ್ಟು ಬಿಟ್ಟರೆ ಏನೂ ಇರಲಿಲ್ಲ.

“ನಿನ್ನೆ ರಾತ್ರಿ ಇತ್ತು,” ಎಂದರು ಸರ್ವಮಂಗಳಮ್ಮ. “ಮುದ್ದೆಗೆ ಹಿಟ್ಟು ತೆಗೆಯುವಾಗ ಕೈಗೆ ತಾಕಿತ್ತು.”

ನನ್ನ ಫೋನು ಬಡಿದುಕೊಂಡಿತು. ಎಸ್ಸೈ ಮೋಹನ್ ಕುಮಾರ್. ಒಳ್ಳೆಯ ಹುಡುಗ. ಅವಸರ ಜಾಸ್ತಿ.

“ಜಯರಾಮಣ್ಣ, ಇನ್ನು ಓಡಾಡ್ಬೇಡಿ. ಮಾಲು ಸಿಕ್ತು.”

“ಎಲ್ಲಿ?”

“ಠಾಣೆ ಅಂಗಳದಲ್ಲಿ ಅವನ ಮೊಪೆಡ್ ನಿಲ್ಸಿದ್ವಲ್ಲ, ಅದಕ್ಕೆ ಕಟ್ಟಿದ್ದ ಏಡಿ ಡಬ್ಬದಲ್ಲಿ. ತಳದ ಹುಲ್ಲಿನ ಕೆಳಗಿತ್ತು. ನಂದೀಶ್ವರಯ್ಯನೋರು ಬಂದಿದ್ರು, ‘ಡಬ್ಬ ನೋಡಿದ್ರಾ’ ಅಂತ ಅವರೇ ಕೇಳಿದ್ರು. ನೋಡಿದ್ರೆ ಐತೆ.”

“ಗುರುತು ಹಿಡಿದೋರು ಯಾರು?”

“ಅವರೇ. ಕೈಗೆ ತಗಂಡು, ಕಣ್ಣಿಗೊತ್ಕೊಂಡು, ನಮ್ಮದೇ ಅಂತ ಬರ್ಕೊಟ್ರು. ಕಣ್ಣಲ್ಲಿ ನೀರು ಪಾಪ.”

ನಲವತ್ತು ವರ್ಷ ಆ ಲಿಂಗವನ್ನು ಕೈಯಲ್ಲಿ ಹಿಡಿದ ಮನುಷ್ಯ. ಹೆಂಡತಿ ಒಮ್ಮೆ ಒರೆಸಿ ಕಂಡದ್ದು ಅವರಿಗೆ ಕಾಣಲಿಲ್ಲವಂತೆ.

“ಮೋಹನಾ, ಅದು…”

“ಇನ್ನೊಂದಣ್ಣ. ದಿನಾ ಪೂಜೆ ಮಾಡೋ ಅಮ್ಮಾವ್ರದೂ ಒಂದು ಸಹಿ ಹಾಕ್ಸಿದ್ರೆ ಕೇಸು ಭದ್ರ. ಯಜಮಾನ್ರು ಕರ್ಕೊಂಡು ಬರಾಕೆ ಆಗ್ಲೇ ಹೊರಟವ್ರೆ. ಬಂದೋರೇ ಮಾಡ್ಸಿ, ಹೊರಟ್ಬುಡ್ತೀವಿ ಕೋರ್ಟಿಗೆ.”

ಫೋನು ಇಟ್ಟ. ಹೊರಗೆ ಕಾರು ನಿಂತ ಸದ್ದು ಕೇಳಿತು.

ಆ ಗಾಜು ಏಡಿ ಡಬ್ಬದಲ್ಲಿ ಸಿಕ್ಕಿದ್ದನ್ನೂ ಅದಕ್ಕೆ ಅವರ ಸಹಿ ಕೇಳುತ್ತಿರುವುದನ್ನೂ ಎರಡೇ ಮಾತಿನಲ್ಲಿ ಸರ್ವಮಂಗಳಮ್ಮನಿಗೆ ಹೇಳಿದೆ. ಅವರು ಕೇಳಿದರು, ತಲೆಯಾಡಿಸಲಿಲ್ಲ.

ನಂದೀಶ್ವರಯ್ಯನವರು ಒಳಗೆ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಅಂಗಡಿಯಲ್ಲಿ ಗಿರಾಕಿಯನ್ನು ಕರೆಯುವಾಗಿನ ಅದೇ ತಣ್ಣನೆಯ ದನಿ.

“ಸಿಕ್ತು ಮಂಗಳಾ. ನಮ್ಮ ಸ್ವಾಮಿ ಸಿಕ್ದ. ಬಾ, ಒಂದು ಸಹಿ ಹಾಕಿ ಬಂದ್ಬುಡಾಣ.”

ಅವರ ಕಣ್ಣು ನೆಲದ ಮೇಲಿದ್ದ ಹಿಟ್ಟಿನ ಗುಡ್ಡೆಯ ಮೇಲೆ ಬಿತ್ತು. ಬೋರಲಾದ ಡಬ್ಬದ ಮೇಲೆ, ಹೆಂಡತಿಯ ಮೊಣಕೈವರೆಗಿನ ಹಿಟ್ಟಿನ ಮೇಲೆ ಹೋಯಿತು. ಅವರು ಪಂಚೆಯ ಅಂಚು ಎತ್ತಿ ಹಿಡಿದು, ಗುಡ್ಡೆಯನ್ನು ಬಳಸಿಕೊಂಡು ಬಂದು ನಿಂತರು.

ಅಡುಗೆಮನೆ ತುಂಬ ಹಿಟ್ಟು ಸುರಿದಿದ್ದರೆ ಯಾವ ಗಂಡನಾದರೂ ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದನ್ನು ಅವರು ಕೇಳಲಿಲ್ಲ.

“ಕೈ ತೊಳ್ಕೊಂಡು ಬಾ,” ಎಂದರು.

ಸರ್ವಮಂಗಳಮ್ಮ ಗಂಡನನ್ನು ನೋಡಿದರು. ಐವತ್ತು ವರ್ಷದ ಸಂಸಾರವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ ಹಾಗಿತ್ತು ಆ ನೋಟ. ಕೈ ತೊಳೆಯಲಿಲ್ಲ. ನೇರ ನಡೆದು ಹೋಗಿ ಕಾರಿನಲ್ಲಿ ಕುಳಿತರು.

ನಾನು ಹಿಂದೆಯೇ ಓಡಿದೆ. ಈ ವಯಸ್ಸಿನಲ್ಲಿ ಅದನ್ನು ಓಟ ಎನ್ನಬಹುದಾದರೆ. ಕಾರಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ನಂದೀಶ್ವರಯ್ಯನವರು ಒಳಗಿನಿಂದ ಎಳೆದುಕೊಂಡರು.

“ನೀವು ನಿಧಾನಕ್ಕೆ ನಡ್ಕೊಂಡು ಬನ್ನಿ ಜಯರಾಮಯ್ಯನೋರೆ. ಠಾಣೆ ಹತ್ರನೇ ಐತಲ್ಲ.”

ಕಾರಿಗೆ ಎರಡು ನಿಮಿಷ, ನನ್ನ ಮೊಣಕಾಲಿಗೆ ಇಪ್ಪತ್ತು. ಸಹಿಗೆ ಅರ್ಧ ನಿಮಿಷ ಸಾಕು.

ಕಾರು ತಿರುಗುವಾಗ ಸರ್ವಮಂಗಳಮ್ಮ ಕಿಟಕಿಯ ಗಾಜಿಗೆ ಅಂಗೈ ಒತ್ತಿದರು. ಹಿಟ್ಟಿನ ಐದು ಬೆರಳು ಅಲ್ಲಿ ಮೂಡಿ ನಿಂತವು. ಬಾ ಎಂದರೋ, ಬೇಡ ಎಂದರೋ, ತಿಳಿಯುವ ಮೊದಲೇ ಕಾರು ಬೀದಿ ದಾಟಿತು.